ದಂತಾಳದ ನೆರಳು

ಕನ್ಯಾ ಛಾತ್ರಾಲಯ
1 ಡಿಸೆಂಬರ್ 1996, ಭಾನುವಾರ

ಪೂಜ್ಯ ಅಪ್ಪ ಮತ್ತು ಅವ್ವನಿಗೆ,

ಲಾಭುವಿನ ನಮಸ್ಕಾರ. ಕ್ಷೇಮವಾಗಿ ತಲುಪಿದೆ. ಅವ್ವ ಕಟ್ಟಿಕೊಟ್ಟ ಬಾಜ್ರಾ ರೊಟ್ಟಿಯನ್ನು ಬಸ್ಸಿನಲ್ಲೇ ಮುಗಿಸಿದೆ, ಬೆಳ್ಳುಳ್ಳಿ ಚಟ್ನಿಯನ್ನು ಹಾಸ್ಟೆಲಿನ ಹುಡುಗಿಯರು ಮುಗಿಸಿದರು.

ದೀಪಾವಳಿ ರಜೆ ಮುಗಿದು ಎರಡನೆಯ ಅವಧಿ ಶುರುವಾಯಿತು. ಏಳನೆಯ ತರಗತಿಗೆ ಇದೇ ಕೊನೆಯ ಅವಧಿ. ಏಪ್ರಿಲ್‌ವರೆಗೆ ಏನೇನು ಕಲಿಯಬೇಕೆಂದು ನಮ್ಮ ಟೀಚರ್ ಹರ್ಷದಾಬೆನ್ ಬೋರ್ಡಿನ ತುಂಬ ಬರೆದರು. ಗಣಿತದಲ್ಲಿ ಅನುಪಾತ ಇದೆ, ವಿಜ್ಞಾನದಲ್ಲಿ ಹರಳುಗಳು ಮತ್ತು ನೆರಳು. ಗುಜರಾತಿಯಲ್ಲಿ ಪತ್ರಲೇಖನ, ಅದಕ್ಕೇ ಹತ್ತು ಅಂಕ. ಆದ್ದರಿಂದ ಈ ಸಲ ಮೇಲೆ ಬಲಕ್ಕೆ ಊರು, ತಾರೀಖು ಬರೆದಿದ್ದೇನೆ. ನೀವೂ ಹಾಗೆಯೇ ಬರೆಯಿರಿ ಅಪ್ಪ, ನನಗೆ ಅಭ್ಯಾಸವಾಗುತ್ತದೆ.

ರಜೆಯಲ್ಲಿ ನಾನು ಟೇಪು ಹಿಡಿದು ಅಳೆದದ್ದರ ಪಟ್ಟಿಗೆ ಟೀಚರ್ ‘ತುಂಬ ಚೆನ್ನಾಗಿದೆ’ ಎಂದು ಬರೆದರು. ಅಪ್ಪ 166 ಸೆಂಟಿಮೀಟರ್, ಅವ್ವ 145, ನಾನು 139. ಅವ್ವ ಉಪ್ಪು ಕೆದಕುವ ಹಲ್ಲಿನ ದಂತಾಳವನ್ನೂ ಹಿಡಿಸಮೇತ ಅಳೆದಿದ್ದೆ, ನೀವು ಆಗ ಪಂಪಿನ ಹತ್ತಿರ ಇದ್ದಿರಿ. ಇನ್ನೊಂದು ಕಾಗದದಲ್ಲಿ ಎಲ್ಲ ಬರೆಯುತ್ತೇನೆ, ಈಗ ಊಟದ ಗಂಟೆ ಹೊಡೆಯಿತು.

ವಿಜ್ಞಾನದ ಪುಸ್ತಕದಲ್ಲಿ ಉಪ್ಪು ಹೇಗಾಗುತ್ತದೆ ಎಂದು ಎರಡು ಸಾಲು ಇದೆ. ‘ಉಪ್ಪುನೀರನ್ನು ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ.’ ಅಷ್ಟೇ. ಅವ್ವನಿಗೆ ಓದಿ ಹೇಳಿ.

ನಿಮ್ಮ ಮಗಳು,
ಲಾಭು


ಸಣ್ಣ ರಣ, ನಮ್ಮ ಉಪ್ಪಿನ ಪಾತಿ
11 ಡಿಸೆಂಬರ್ 1996, ಬುಧವಾರ

ಚಿ. ಲಾಭುಗೆ,

ಸಂಜೆ ಐದು ಗಂಟೆ. ಇಂದು ಎರಡನೆಯ ಪಾತಿಗೆ ನೀರು ಬಿಟ್ಟೆವು. ಪಂಪು ಎರಡು ಸಲ ನಿಂತಿತು. ಪೂರ್ವಕ್ಕೆ ಕಾಡುಕತ್ತೆಗಳು ಹನ್ನೊಂದು ಹೋದವು.

ನೀನು ಹೇಳಿದಂತೆ ಬಲಕ್ಕೆ ಬರೆದಿದ್ದೇನೆ. ನಾನು ಓದಿದ್ದು ನಾಲ್ಕನೆಯವರೆಗೆ, ತಪ್ಪಿದ್ದರೆ ತಿದ್ದಿಕೋ.

ಎರಡು ಸಾಲನ್ನು ನಿನ್ನ ಅವ್ವನಿಗೆ ಓದಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು, ಅವಳ ಮಾತಿನಲ್ಲೇ ಬರೆಯಬೇಕಂತೆ: “ಎರಡೇ ಸಾಲಾ? ಬರೆದೋನು ಯಾವತ್ತಾದ್ರೂ ಪಾತಿಗೆ ಇಳಿದಿದ್ನಾ ಕೇಳು ಆ ನಿನ್ನ ಟೀಚರಮ್ಮನ್ನ. ಬಿಸಿಲಿಗೆ ಬಿಟ್ರೆ ಉಪ್ಪಾಗುತ್ತಂತೆ! ಹಾಗಾದ್ರೆ ನಾನೂ ಬಿಸಿಲಲ್ಲೇ ಇದೀನಿ ಹದಿನೈದು ವರ್ಷದಿಂದ, ನಾನ್ಯಾಕೆ ಇನ್ನೂ ಉಪ್ಪಾಗಿಲ್ಲ? ದಿನಾ ಕೆದಕಬೇಕು, ಕೆದಕದೇ ಇದ್ರೆ ಹರಳು ಕಟ್ಟಲ್ಲ, ತಳ ಹಿಡಿಯುತ್ತೆ. ಪರೀಕ್ಷೇಲಿ ಹೀಗೇ ಬರಿ ಅಂತ ಹೇಳಿ. ಅಂಕ ಕೊಡದಿದ್ರೆ ನಾನು ಬರ್ತೀನಿ.”

ನಿನ್ನ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿರುತ್ತೀಯ ಎಂದೂ ಬೈದಳು.

ನಾಳೆ ಗುರುವಾರ. ನೀರಿನ ಟ್ಯಾಂಕರ್ ತರುವ ಹಾಸಮ ಕಾಕಾ ಕೈಯಲ್ಲಿ ಇದನ್ನು ಕೊಡುತ್ತೇನೆ, ಊರಿನ ಅಂಚೆಗೆ ಹಾಕುತ್ತಾನೆ. “ನೀರು ಕುಡಿಯೋದಕ್ಕಿಂತ ಕಾಗದ ಬರೆಯೋದೇ ಜಾಸ್ತಿ ಆಯ್ತಲ್ಲ ಭೂದರಭಾಯಿ, ಟ್ಯಾಂಕರಿಗೆ ಕೆಂಪು ಬಣ್ಣ ಹೊಡೆಸಿಬಿಡ್ತೀನಿ” ಅಂದಿದ್ದ ಕಳೆದ ವಾರ.

ನಿನ್ನ ಅಪ್ಪ,
ಭೂದರ


ಕನ್ಯಾ ಛಾತ್ರಾಲಯ
12 ಜನವರಿ 1997, ಭಾನುವಾರ

ಪೂಜ್ಯ ಅಪ್ಪ ಮತ್ತು ಅವ್ವನಿಗೆ,

ಉತ್ತರಾಯಣಕ್ಕೆ ಎರಡು ದಿನ ರಜೆ ಕೊಟ್ಟಿದ್ದಾರೆ. ಬಂದರೆ ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ, ಅದಕ್ಕೆ ಇಲ್ಲೇ ಇರುತ್ತೇನೆ. ನಿಜ ಹೇಳಬೇಕೆಂದರೆ ಗೆಳತಿಯ ಮನೆಯ ಮಾಳಿಗೆಯಲ್ಲಿ ಗಾಳಿಪಟ ಹಾರಿಸಲು ಕರೆದಿದ್ದಾರೆ. ಅವ್ವ ಸಿಟ್ಟಾಗಬೇಡ. ನನಗಾಗಿ ಎಳ್ಳಿನ ಚಿಕ್ಕಿ ತೆಗೆದಿಡು, ಏಪ್ರಿಲ್‌ವರೆಗೂ ಕೆಡುವುದಿಲ್ಲ.

ಹರಳಿನ ಪಾಠವಾಯಿತು. ಲೋಟದಲ್ಲಿ ಉಪ್ಪುನೀರಿಟ್ಟು ದಾರ ಇಳಿಬಿಟ್ಟೆವು. ಎಲ್ಲರದಕ್ಕಿಂತ ನನ್ನ ಹರಳು ದೊಡ್ಡದು, ಏಕೆಂದರೆ ನಾನು ದಿನಾ ಕಡ್ಡಿಯಿಂದ ತಳ ಕೆದಕಿದೆ. “ಇದ್ಯಾರು ಹೇಳ್ಕೊಟ್ರು?” ಎಂದರು ಟೀಚರ್. ಅವ್ವನ ಮಾತನ್ನು ಹಾಗೆಯೇ ಹೇಳಿದೆ, ‘ಅಂಕ ಕೊಡದಿದ್ದರೆ ಬರುತ್ತೇನೆ’ ಎಂದಿದ್ದನ್ನು ಬಿಟ್ಟು.

ಭೂಪಟದ ಪಾಠದಲ್ಲಿ ನಮ್ಮ ರಣದ ಉಪ್ಪುನೆಲ ಬರೀ ಚುಕ್ಕಿಗಳು. ಮನುಷ್ಯರಿಲ್ಲದ ಜಾಗಕ್ಕೆ ಹಾಗೆ ಹಾಕುತ್ತಾರಂತೆ. ನಾನು ಪೆನ್ಸಿಲಿನಲ್ಲಿ ಒಂದು ಗುಡಿಸಲು ಬರೆದೆ.

ನಿಮ್ಮ ಮಗಳು,
ಲಾಭು


(ಕಳಿಸಿಲ್ಲ)
ನಮ್ಮ ಪಾತಿ
23 ಜನವರಿ 1997, ಗುರುವಾರ

ಲಾಭು,

ಬೆಳಿಗ್ಗೆ ಏಳು ಗಂಟೆ. ಈ ದಿನದಲ್ಲಿ ಇನ್ನೂ ಏನೂ ಆಗಿಲ್ಲ.

ನೀನು ರಜೆಯಲ್ಲಿ ಬಿಟ್ಟುಹೋದ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಈ ಹಾಳೆಯನ್ನು ಪುಸ್ತಕದಿಂದ ಹರಿದು ತೆಗೆಯುವುದಿಲ್ಲ. ಹರಿಯದಿದ್ದರೆ ಕಳಿಸಿದಂತಾಗುವುದಿಲ್ಲ.

ಶುಕ್ರವಾರ ನಿನ್ನ ಅವ್ವನಿಗೆ ಜ್ವರ ಬಂತು. ಶನಿವಾರವೂ ಪಾತಿಗೆ ಇಳಿದಳು, ಬೇಡವೆಂದರೆ ಕೇಳಲಿಲ್ಲ. ಭಾನುವಾರದಿಂದ ಏಳಲಿಲ್ಲ. ಪಕ್ಕದ ಪಾತಿಯ ವಾಘಜಿ ಸೈಕಲ್ ಹತ್ತಿ ಊರಿಗೆ ಹೋದ, ಟ್ರ್ಯಾಕ್ಟರ್ ಸಿಗಲಿಲ್ಲ. ಗುರುವಾರ ಟ್ಯಾಂಕರ್ ಬರುತ್ತದೆ, ಅದರಲ್ಲಿ ಕರೆದೊಯ್ಯೋಣ ಎಂದುಕೊಂಡೆವು. ಮಂಗಳವಾರ ಬಿಸಿಲು ನೆತ್ತಿಗೆ ಬಂದಾಗ ಅವಳು ಹೋದಳು.

ಇಲ್ಲೇ ಸುಟ್ಟೆವು. ಉಪ್ಪಿನಲ್ಲಿ ನಿಂತು ನಿಂತು ನಮ್ಮವರ ಪಾದ ಬಿರುಸಾಗಿರುತ್ತದೆ, ಚಿತೆಯಲ್ಲಿ ಬೇಗ ಸುಡುವುದಿಲ್ಲ. ನಿನ್ನ ಅಜ್ಜ ಹೋದಾಗ ನೀನೂ ನೋಡಿದ್ದೀಯ. ಉಳಿದದ್ದನ್ನು ಉಪ್ಪು ಹಾಕಿ ಗುಡಿಸಲಿನ ಪೂರ್ವಕ್ಕೆ ಹೂತೆ. ಮೇಲೆ ಗುರುತಿಗೆ ಕಲ್ಲಿಡೋಣವೆಂದರೆ ಈ ನೆಲದಲ್ಲಿ ಕಲ್ಲೆಲ್ಲಿದೆ?

ಹೋಗುವ ಹಿಂದಿನ ದಿನ, ಸೋಮವಾರ ಸಂಜೆ, ನಿನ್ನ ಓದಿನ ಸುದ್ದಿ ತೆಗೆದಳು. “ಏಳನೇದು ಮುಗಿಸ್ಲಿ. ಅಲ್ಲಿವರೆಗೂ ಅವಳಿಗೆ ಹೇಳ್ಬೇಡಿ. ಹೇಳಿದ್ರೆ ಓಡಿ ಬಂದು ನನ್ನ ದಂತಾಳ ಹಿಡೀತಾಳೆ. ಒಂದು ಸಲ ಹಿಡಿದ್ರೆ ಬಿಡಿಸೋಕ್ಕಾಗಲ್ಲ, ನನ್ನನ್ನೇ ನೋಡಿ” ಅಂದಳು. ಹೂಂ ಅಂದೆ. ಜ್ವರದ ಮಾತೆಂದುಕೊಂಡು ಹೂಂ ಅಂದುಬಿಟ್ಟೆ, ಈಗ ಅದು ಕೊಟ್ಟ ಮಾತಾಗಿದೆ.

ಟ್ಯಾಂಕರಿನ ಶಬ್ದ ಕೇಳಿಸುತ್ತಿದೆ. ನಿನಗೆ ಬೇರೆ ಕಾಗದ ಬರೆಯಬೇಕು.


ನಮ್ಮ ಪಾತಿ
23 ಜನವರಿ 1997, ಗುರುವಾರ

ಚಿ. ಲಾಭುಗೆ,

ಬೆಳಿಗ್ಗೆ ಎಂಟು ಗಂಟೆ. ನಿನ್ನ ಕಾಗದ ಈಗ ಹಾಸಮ ಕಾಕಾ ಕೈಯಿಂದ ಬಂತು. ಹರಳು ದೊಡ್ಡದಾಯಿತೆಂದು ಸಂತೋಷ. ಗಾಳಿಪಟ ಹಾರಿಸಿದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲ ಕ್ಷೇಮ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಚೆನ್ನಾಗಿ ಓದು.

ನಿನ್ನ ಅಪ್ಪ,
ಭೂದರ


ಕನ್ಯಾ ಛಾತ್ರಾಲಯ
9 ಫೆಬ್ರುವರಿ 1997, ಭಾನುವಾರ

ಪೂಜ್ಯ ಅಪ್ಪ ಮತ್ತು ಅವ್ವನಿಗೆ,

ಅಪ್ಪ, ಈ ಕಾಗದ ನಿಜಕ್ಕೂ ಅವ್ವನಿಗೆ. ಅವಳಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ.

ಅವ್ವ, ನೀನು ಸಿಟ್ಟಾಗಿದ್ದೀಯ. ನನಗೆ ಗೊತ್ತು. ಹೋದ ಕಾಗದದಲ್ಲಿ ನೀನು ಒಂದು ಬೈಗುಳವನ್ನೂ ಬರೆಸಿಲ್ಲ. ‘ಆಶೀರ್ವಾದ’ ಎಂದು ಬರೆಸಿದ್ದೀಯ. ಆಶೀರ್ವಾದ ಎನ್ನುವವಳು ನೀನಲ್ಲ. ಉತ್ತರಾಯಣಕ್ಕೆ ಬರಬೇಕಿತ್ತು, ತಪ್ಪಾಯಿತು. ಗಾಳಿಪಟವನ್ನೂ ಸರಿಯಾಗಿ ಹಾರಿಸಲಿಲ್ಲ, ಬೆರಳು ಕೊಯ್ದುಕೊಂಡೆ. ಈಗಲಾದರೂ ಬೈಯಿ.

ಚರಿತ್ರೆಯಲ್ಲಿ ಉಪ್ಪಿನ ಸತ್ಯಾಗ್ರಹದ ಪಾಠವಾಯಿತು. ಅಷ್ಟು ಜನ ಅಷ್ಟು ದೂರ ನಡೆದು ಹೋಗಿ ಒಂದು ಮುಷ್ಟಿ ಉಪ್ಪು ಎತ್ತಿದರಂತೆ. ನನ್ನ ಪಕ್ಕದ ಹುಡುಗಿ, “ನಿಮ್ಮವ್ವ ದಿನಾ ಎಷ್ಟು ಮುಷ್ಟಿ ಎತ್ತುತ್ತಾರೆ?” ಎಂದಳು. ಹೇಳು ಅವ್ವ, ಎಷ್ಟು?

ಲಾಭು


ನಮ್ಮ ಪಾತಿ
19 ಫೆಬ್ರುವರಿ 1997, ಬುಧವಾರ

ಚಿ. ಲಾಭುಗೆ,

ಸಂಜೆ ಆರು ಗಂಟೆ. ಇಂದು ಮೂರನೆಯ ಪಾತಿ ಕೆದಕಿದೆ. ಗಾಳಿ ಚೆನ್ನಾಗಿದೆ, ಹರಳು ಕಡಲೆಯಷ್ಟಾಗಿದೆ.

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಗುಡಿಸಲಿನ ಪೂರ್ವಕ್ಕೆ ಕೂತು ಓದಿದೆ, ಅಲ್ಲಿ ಗಾಳಿ ಕಡಿಮೆ.

ಅವ್ವ ಸಿಟ್ಟಾಗಿಲ್ಲ. ನಿನ್ನ ಮೇಲೆ ಅವಳಿಗೆ ಯಾವತ್ತೂ ಸಿಟ್ಟು ಬಂದಿಲ್ಲ, ಬೈಯುವುದು ಅವಳ ಬಾಯಿಯ ರೂಢಿ. ಬೆರಳಿಗೆ ಅರಿಸಿನ ಹಚ್ಚಬೇಕಂತೆ. ತಲೆಗೆ ಎಣ್ಣೆ ಹಚ್ಚಬೇಕಂತೆ. ಮುಷ್ಟಿ ಎಷ್ಟೆಂದು ಅವಳು ಎಣಿಸಿಲ್ಲ.

ಬೈಯುವುದನ್ನು ಬರೆಯೋಣವೆಂದು ಎರಡು ಸಲ ಕೂತೆ. ನಾನು ಬರೆದರೆ ಅದು ಅವಳ ಹಾಗೆ ಬರುವುದಿಲ್ಲ ಬೇಟಾ.

ನಿನ್ನ ಅಪ್ಪ,
ಭೂದರ


ಕನ್ಯಾ ಛಾತ್ರಾಲಯ
9 ಮಾರ್ಚ್ 1997, ಭಾನುವಾರ

ಪೂಜ್ಯ ಅಪ್ಪ ಮತ್ತು ಅವ್ವನಿಗೆ,

ಸಿಟ್ಟಿಲ್ಲವೆಂದು ತಿಳಿದು ಹಗುರವಾಯಿತು. ಈಗ ಒಂದು ಕೆಲಸ.

ಮಾರ್ಚ್ 21ಕ್ಕೆ ಹಗಲು ರಾತ್ರಿ ಸಮ. ಅಂದು ಮಧ್ಯಾಹ್ನ ನಾವೆಲ್ಲ ಶಾಲೆಯ ಅಂಗಳದಲ್ಲಿ ನಮ್ಮ ನೆರಳು ಅಳೆಯುತ್ತೇವೆ. ಒಂದೇ ಹೊತ್ತಿನಲ್ಲಿ ಎಲ್ಲರ ಎತ್ತರಕ್ಕೂ ನೆರಳಿಗೂ ಒಂದೇ ಅನುಪಾತ ಇರುತ್ತದೆ. ಹಾಗಾಗಿ ನೆರಳು ಗೊತ್ತಾದರೆ ಎತ್ತರ ಹೇಳಬಹುದು. ಮನೆಯವರೊಬ್ಬರ ನೆರಳಿನ ಅಳತೆಯನ್ನೂ ತರಿಸಬೇಕೆಂದು ಟೀಚರ್ ಹೇಳಿದ್ದಾರೆ. ಇತರರ ಮನೆಗಳಲ್ಲಿ ಅಂಗಳ ಉಬ್ಬುತಗ್ಗು, ಗೋಡೆ, ಮರ. ನಮ್ಮಲ್ಲಿ ಏನೂ ಇಲ್ಲ! ರಣದಷ್ಟು ಸಮ ನೆಲ ಯಾರಿಗಿದೆ?

ಅವ್ವನನ್ನು ನಿಲ್ಲಿಸಿ. ರೇಡಿಯೋದಲ್ಲಿ ಹನ್ನೆರಡು ಹೊಡೆದಾಗ ಅಲ್ಲ, ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಒಂದಕ್ಕೆ ಹತ್ತು ನಿಮಿಷ ಇರುವಾಗ. ಹನ್ನೆರಡೂವರೆಯಿಂದ ಅಳೆಯುತ್ತಿರಿ, ಎಲ್ಲಕ್ಕಿಂತ ಗಿಡ್ಡ ನೆರಳನ್ನು ಬರೆಯಿರಿ. ನನ್ನ ಹಳೆಯ ಅಡಿಪಟ್ಟಿ ಡಬ್ಬದಲ್ಲಿದೆ. ಅವ್ವ ಅಲುಗಾಡಬಾರದು. ಅವಳು ಅರ್ಧ ಗಂಟೆ ಸುಮ್ಮನೆ ನಿಲ್ಲುವುದನ್ನು ನೋಡಲು ನಾನಿಲ್ಲವಲ್ಲ ಎಂದೇ ಬೇಸರ.

ಲಾಭು


(ಕಳಿಸಿಲ್ಲ)
ನಮ್ಮ ಪಾತಿ
21 ಮಾರ್ಚ್ 1997, ಶುಕ್ರವಾರ

ಲಾಭು,

ಮಧ್ಯಾಹ್ನ ಎರಡು ಗಂಟೆ. ನೀನು ಕೇಳಿದ ಕೆಲಸ ಮಾಡಿ ಈಗ ಒಳಗೆ ಬಂದೆ.

ಮನಸ್ಸಿಗೆ ಬಂದ ಅಂಕಿಯೊಂದನ್ನು ಬರೆದು ಕಳಿಸಬಹುದಿತ್ತು. ಅಷ್ಟೊಂದು ಸುಳ್ಳಿಗೆ ಕೈ ಬರಲಿಲ್ಲ. ವಾಘಜಿಯ ಹೆಂಡತಿಯನ್ನು ನಿಲ್ಲಿಸೋಣವೆಂದರೆ ಅವಳು ನಿನ್ನ ಅವ್ವನಿಗಿಂತ ಬಹಳ ಎತ್ತರ. ಕೊನೆಗೆ ನಿನ್ನ ಅವ್ವನ ದಂತಾಳ ತಂದೆ. ಅದರ ಹಿಡಿಯ ತುದಿ ಅವಳ ನೆತ್ತಿಗೆ ಸರಿಸಮ. ಪಾತಿಯಲ್ಲಿ ಅದನ್ನು ಹಿಡಿದು ನಿಂತಾಗ ಎರಡೂ ಒಂದೇ ಎತ್ತರ ಕಾಣುತ್ತಿದ್ದವು, ನಾನು ದೂರದಿಂದ ಎಷ್ಟು ಸಲ ನೋಡಿಲ್ಲ.

ಗುಡಿಸಲಿನ ಪೂರ್ವಕ್ಕೆ, ಗಟ್ಟಿ ನೆಲದ ಮೇಲೆ, ಹಲ್ಲು ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿ ಒಂದು ಕೈಯಲ್ಲಿ ಹಿಡಿದುಕೊಂಡೆ. ಅವಳ ನೆರಳು ಬೀಳುವಲ್ಲಿ ನನ್ನ ನೆರಳು ಬೀಳದಂತೆ ಪಕ್ಕಕ್ಕೆ ನಿಂತೆ. ನೆರಳು ಗಿಡ್ಡವಾಗುತ್ತ ಬಂತು. ಒಂದಕ್ಕೆ ಹತ್ತು ನಿಮಿಷ ಇರುವಾಗ ನಿಂತಿತು, ನೀನು ಹೇಳಿದಂತೆಯೇ. ಆಮೇಲೆ ಬೆಳೆಯತೊಡಗಿತು. ನಾನು ಅಳತೆ ಬರೆದುಕೊಂಡ ಮೇಲೂ ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದೆ.


ನಮ್ಮ ಪಾತಿ
26 ಮಾರ್ಚ್ 1997, ಬುಧವಾರ

ಚಿ. ಲಾಭುಗೆ,

ಸಂಜೆ ಐದು ಗಂಟೆ. ಹೋಳಿ ಮುಗಿಯಿತು. ಇಂದಿನಿಂದ ಉಪ್ಪು ಎಳೆದು ರಾಶಿ ಹಾಕುವ ಕೆಲಸ. ವಾಘಜಿಯ ಮನೆಯವರೂ ಕೈಜೋಡಿಸುತ್ತಿದ್ದಾರೆ.

ಅವ್ವನ ನೆರಳು ಎರಡು ಅಡಿಪಟ್ಟಿ ಮತ್ತು ಮೇಲೆ ಒಂಬತ್ತು. ಸೆಂಟಿಮೀಟರಿನ ಕಡೆಯಿಂದ ಅಳೆದೆ, ಒಟ್ಟು 69. ಅಲುಗಾಡಲಿಲ್ಲ. ಗಿಡ್ಡ ನೆರಳನ್ನೇ ಬರೆದಿದ್ದೇನೆ.

ಇನ್ನು ಪರೀಕ್ಷೆ ಮುಗಿಯುವವರೆಗೆ ಈ ಕಡೆಯ ಯೋಚನೆ ಬಿಡು.

ನಿನ್ನ ಅಪ್ಪ,
ಭೂದರ


ಕನ್ಯಾ ಛಾತ್ರಾಲಯ
6 ಏಪ್ರಿಲ್ 1997, ಭಾನುವಾರ

ಪೂಜ್ಯ ಅಪ್ಪನಿಗೆ,

ಅಳತೆ ತಲುಪಿತು. ಲೆಕ್ಕ ಮಾಡಿದೆ. ನಾಳೆಯಿಂದ ಪರೀಕ್ಷೆ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಳ್ಳಿ. ರಾಶಿ ಹಾಕುವಾಗ ಒಬ್ಬರೇ ಎಳೆಯಬೇಡಿ.

ಲಾಭು


ಕನ್ಯಾ ಛಾತ್ರಾಲಯ
13 ಏಪ್ರಿಲ್ 1997, ಭಾನುವಾರ

ಪೂಜ್ಯ ಅಪ್ಪನಿಗೆ,

ನಾಳೆ ಚಿತ್ರಕಲೆಯೊಂದು ಬಾಕಿ. ಉಳಿದ ಪರೀಕ್ಷೆಗಳೆಲ್ಲ ಮುಗಿದವು. ಆದ್ದರಿಂದ ಈಗ ಬರೆಯಬಹುದು.

ಅಂದು ನನ್ನ ನೆರಳು 60 ಬಂದಿತ್ತು, ನನ್ನ ಎತ್ತರ 139. ಅವ್ವನ ನೆರಳು 69 ಎಂದು ಬರೆದಿದ್ದಿರಿ. ಲೆಕ್ಕ ಮಾಡಿದರೆ ಅವ್ವನ ಎತ್ತರ 160. ಅವ್ವ 145. ಮೂರು ಸಲ ಮಾಡಿದೆ. ಟೀಚರಿಗೆ ತೋರಿಸಿದೆ. “ಲೆಕ್ಕ ಸರಿ ಇದೆ ಲಾಭು, ಅಳತೆ ತಪ್ಪಿರಬೇಕು. ನಿಮ್ಮವ್ವ ತಲೆ ಮೇಲೆ ಕೊಡ ಇಟ್ಕೊಂಡು ನಿಂತಿದ್ರಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ರಜೆಯ ಪಟ್ಟಿ ತೆಗೆದು ನೋಡಿದೆ. 160 ಎಂದು ಅದರಲ್ಲಿ ಒಂದೇ ಒಂದು ವಸ್ತುವಿತ್ತು. ಅವ್ವನ ದಂತಾಳ. ಅವತ್ತು ಅಳೆದು, ಇದು ನಿನಗಿಂತ ಎಂಟು ಬೆರಳು ಎತ್ತರ ಎಂದರೆ ಅವ್ವ ನಂಬಿರಲಿಲ್ಲ. “ನಿನ್ನ ಟೇಪು ಸುಳ್ಳು ಹೇಳುತ್ತೆ” ಎಂದಿದ್ದಳು. ಅದನ್ನು ನಿಮಗೆ ಬರೆಯುತ್ತೇನೆಂದು ಹೇಳಿ ಮರೆತುಬಿಟ್ಟಿದ್ದೆ.

ಅವ್ವನನ್ನು ನಿಲ್ಲಿಸಲು ಏಕೆ ಆಗಲಿಲ್ಲ ಎಂದು ಯೋಚಿಸಿದೆ. ಕಾಯಿಲೆ ಇರಬೇಕೆಂದುಕೊಂಡೆ. ನಿಮ್ಮ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಓದಿದೆ. ಜನವರಿ 23ರಿಂದ ಈಚೆಗೆ ಅವ್ವನ ಮಾತಿನಲ್ಲೇ ಬರೆದದ್ದು ಒಂದೂ ಇಲ್ಲ. ಕಾಯಿಲೆಯಾಗಿದ್ದರೆ ಮಲಗಿದ್ದಲ್ಲಿಂದಲೇ ಬೈಯುತ್ತಿದ್ದಳು.

ಅವತ್ತೇ ಚೀಲ ತುಂಬಿದೆ. ಗೇಟಿನವರೆಗೂ ಹೋದೆ. ಆಗ ನೀವು ಮಧ್ಯಾಹ್ನದ ಬಿಸಿಲಿನಲ್ಲಿ ದಂತಾಳ ಹಿಡಿದು ನಿಂತದ್ದು ಕಣ್ಣಿಗೆ ಬಂತು. ನನ್ನ ಒಂದು ಲೆಕ್ಕಕ್ಕಾಗಿ ಅಷ್ಟು ಮಾಡಿದ್ದೀರಿ. ಚೀಲ ಒಳಗಿಟ್ಟು ಭೂಗೋಳ ಓದಲು ಕೂತೆ. ಓದಿದ್ದು ತಲೆಗೆ ಹೋಗಲಿಲ್ಲ, ಆದರೂ ಕೂತೆ.

ಗುಜರಾತಿ ಪರೀಕ್ಷೆಯಲ್ಲಿ ಪತ್ರಲೇಖನ ಬಂದಿತ್ತು. ‘ಈ ಅವಧಿಯಲ್ಲಿ ನೀವು ಕಲಿತದ್ದನ್ನು ತಿಳಿಸಿ ತಾಯಿಗೆ ಅಥವಾ ಗೆಳತಿಗೆ ಪತ್ರ ಬರೆಯಿರಿ.’ ಅವ್ವನಿಗೇ ಬರೆದೆ. ಒಂದು ಪುಟ ಸಾಕಿತ್ತು, ಮೂರು ಪುಟವಾಯಿತು. ಮೇಲೆ ಬಲಕ್ಕೆ ಊರು, ತಾರೀಖು ಬರೆದೆ. ಕೊನೆಗೆ ವಿಳಾಸದ ಚೌಕದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಖಾಲಿ ಬಿಟ್ಟೆ. ಒಂದು ಅಂಕ ಹೋಗುತ್ತದೆ.

ಜೊತೆಗೆ ಎಂಟನೆಯ ತರಗತಿಯ ಫಾರಂ ಇದೆ. 26ರೊಳಗೆ ಕೊಡಬೇಕು. ತಾಯಿಯ ಹೆಸರಿನ ಜಾಗದಲ್ಲಿ ‘ದಿ. ಕಂಕುಬೆನ್’ ಎಂದು ನಾನೇ ಬರೆದಿದ್ದೇನೆ. ಸರಿಯಲ್ಲದಿದ್ದರೆ ಹೊಡೆದುಹಾಕಿ. ಸರಿಯಲ್ಲದಿರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ಸಹಿಯ ಜಾಗ ಖಾಲಿ ಇದೆ. ಸಹಿ ಮಾಡಲೇಬೇಕೆಂದಿಲ್ಲ ಅಪ್ಪ. ಪಾತಿಗೆ ಎರಡು ಜೋಡಿ ಕೈ ಬೇಕೆಂದು ನನಗೂ ಗೊತ್ತು. ದಂತಾಳ ನನಗೆ ಉದ್ದವಾಗುತ್ತದೆ. ಅವ್ವನಿಗಿದ್ದ ಹಾಗೆ ಎಂಟು ಬೆರಳು ಹೆಚ್ಚು ಇಟ್ಟರೆ 154 ಸಾಕು. ಹಿಡಿಯನ್ನು ಆರು ಸೆಂಟಿಮೀಟರ್ ಕಡಿದಿಡಿ, ನಾನು ಬರುತ್ತೇನೆ.

ನಿಮ್ಮ ಮಗಳು,
ಲಾಭು


ನಮ್ಮ ಪಾತಿ
23 ಏಪ್ರಿಲ್ 1997, ಬುಧವಾರ

ಚಿ. ಲಾಭುಗೆ,

ಸಂಜೆ ನಾಲ್ಕು ಗಂಟೆ. ಇಂದು ಕೊನೆಯ ಪಾತಿಯ ಉಪ್ಪು ರಾಶಿಗೆ ಬಂತು. ಪಂಪು ಬಿಚ್ಚಿ ಗೋಣಿ ಸುತ್ತಿಟ್ಟೆ. ಹರಳು ಈ ವರ್ಷ ಸಣ್ಣದು. ಒಬ್ಬನೇ ಕೆದಕಿದ್ದು ಸಾಲಲಿಲ್ಲ.

ನಿನ್ನ ಕಾಗದ ಹೋದ ಗುರುವಾರ ಬಂತು. ಹಾಸಮ ಕಾಕಾ, “ಏನು ಬರೆದಿದಾಳೆ ಹುಡುಗಿ? ದಪ್ಪ ಇದೆ ಈ ಸಲ” ಎಂದ. ಓದಿ ಮಡಚಿದೆ. “ಗೊತ್ತಾಗಿದೆ ಅವಳಿಗೆ” ಎಂದೆ. ಅವನು ನೀರಿನ ಕೊಳವೆ ಬಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತ. ನೀರು ಸ್ವಲ್ಪ ಚೆಲ್ಲಿಹೋಯಿತು.

ನೀನು ಬರೆದದ್ದು ಸರಿ. ಹೊಡೆದುಹಾಕಲಿಲ್ಲ. ಜನವರಿ 21, ಮಂಗಳವಾರ, ಮಧ್ಯಾಹ್ನ. ನಿನಗೆ ಆಗಲೇ ಬರೆದಿದ್ದೆ, ಕಳಿಸಲಿಲ್ಲ. ಅವಳು ಬೇಡವೆಂದಿದ್ದಳು. ಆ ಹಾಳೆಗಳು ನಿನ್ನ ಹಳೆಯ ನೋಟುಬುಕ್ಕಿನಲ್ಲೇ ಇವೆ, ಓದು.

ಏಪ್ರಿಲ್ 6ರ ಕಾಗದ ಓದಿ ಪರೀಕ್ಷೆಯ ಗಡಿಬಿಡಿ ಎಂದುಕೊಂಡಿದ್ದೆ. ಮೊದಲ ಸಾಲಿನಲ್ಲಿ ಅವ್ವನ ಹೆಸರಿರಲಿಲ್ಲ. ಅದನ್ನು ನಾನು ಗಮನಿಸಲಿಲ್ಲ. ನೀನು ಹೇಗೆ ಓದಿರಬೇಕು, ಯಾರ ಹತ್ತಿರ ಅತ್ತಿರಬೇಕು, ತಿಳಿಯದು. ನಿನ್ನನ್ನು ಕಾಪಾಡುತ್ತಿದ್ದೇನೆಂದು ನಾನು ತಿಳಿದಿದ್ದೆ. ನೀನು ನನ್ನನ್ನು ಕಾಪಾಡುತ್ತಿದ್ದೆ.

ದಂತಾಳದ ವಿಷಯ. ನಿನ್ನ ಟೇಪು ಸುಳ್ಳು ಹೇಳಲಿಲ್ಲ, ಅವಳೂ ಸುಳ್ಳು ಹೇಳಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಅದನ್ನು ತೆಗೆದುಕೊಂಡು ಪಾತಿಗೆ ಇಳಿದೆ. ಕೆದಕುವಾಗ ಹಲ್ಲು ಉಪ್ಪಿನೊಳಗೆ ಎಂಟು ಬೆರಳು ಹೂತುಹೋಗುತ್ತದೆ. ಆಗ ಹಿಡಿಯ ತುದಿ ಅವಳ ನೆತ್ತಿಗೆ ಸರಿಯಾಗುತ್ತದೆ. ಹದಿನೈದು ವರ್ಷ ನಾನು ನೋಡಿದ್ದು ಹಾಗೆಯೇ. ಉಪ್ಪಿನ ಹೊರಗೆ ಅವಳನ್ನು ನಿಲ್ಲಿಸಿ ನೋಡಿದ್ದು ಕಡಿಮೆ.

ಹಿಡಿಯನ್ನು ಕಡಿಯಲಿಲ್ಲ. ಗರಗಸ ತಂದಿಟ್ಟುಕೊಂಡು ನಾಲ್ಕು ದಿನ ನೋಡಿದೆ. ಕಡಿದರೆ ಅದು ನಿನಗೆ ಸರಿಯಾಗುತ್ತದೆ, ಅದಕ್ಕೇ ಕಡಿಯಲಿಲ್ಲ. ಗುಡಿಸಲಿನ ಪೂರ್ವಕ್ಕೆ, ಅವಳಿರುವಲ್ಲಿ, ಹಲ್ಲು ಪೂರ್ತಿ ಒಳಗೆ ಹೋಗುವಷ್ಟು ಹೂತು ನಿಲ್ಲಿಸಿದ್ದೇನೆ. ಅಡಿಪಟ್ಟಿಯಿಂದ ಅಳೆದೆ. ನೆಲದ ಮೇಲೆ 145 ಇದೆ.

ಮುಂದಿನ ವರ್ಷ ವಾಘಜಿ ಮತ್ತು ನಾನು ಪಾತಿಗಳನ್ನು ಕೂಡಿ ಮಾಡುತ್ತೇವೆ. ಮಾತಾಗಿದೆ.

ಫಾರಂಗೆ ಸಹಿ ಮಾಡಿದ್ದೇನೆ. ಮೊದಲನೆಯದು ಸೊಟ್ಟಗಾಯಿತು, ಅದರ ಕೆಳಗೆ ಇನ್ನೊಮ್ಮೆ ಮಾಡಿದ್ದೇನೆ. ಟೀಚರ್ ಕೇಳಿದರೆ ಎರಡೂ ನನ್ನದೇ ಎಂದು ಹೇಳುತ್ತೇನೆ. ಈ ಕಾಗದ, ಫಾರಂ, ನೋಟುಬುಕ್ಕು, ಎಳ್ಳಿನ ಚಿಕ್ಕಿಯ ಡಬ್ಬ ಒಂದೇ ಚೀಲದಲ್ಲಿವೆ. ಚಿಕ್ಕಿ ಉತ್ತರಾಯಣದ ದಿನ ಅವಳೇ ಮಾಡಿಟ್ಟದ್ದು. ಕೆಟ್ಟಿಲ್ಲ. ಈ ಸಲ ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ.

ನಾಳೆ ಗುರುವಾರ, ಟ್ಯಾಂಕರ್ ಬರುತ್ತದೆ.

ನಿನ್ನ ಅಪ್ಪ,
ಭೂದರ